ಕ್ಯಾಸಿನೊ ದುಡ್ಡನ್ನು ಡೀಸೆಲ್ ಪಕ್ಕದಲ್ಲಿ ಬರೆಯಿರಿ

ಗೋವಾ ಟ್ರಿಪ್ಪಿಗೆ ತಲೆಗೆಷ್ಟು ಬೇಕಾಗುತ್ತದೆ ಎಂದು ಕೇಳಿಕೊಂಡು ಬರುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಕ್ಯಾಸಿನೊಗೆಂದು ಎತ್ತಿಟ್ಟ ದುಡ್ಡನ್ನು ಡೀಸೆಲ್ ಪಕ್ಕದಲ್ಲಿ ಬರೆಯಿರಿ. ಡೀಸೆಲ್‌ಗೆ ಕೊಟ್ಟಿದ್ದು ವಾಪಸ್ ಬರುತ್ತದೆಂದು ಯಾರೂ ಕಾದು ಕೂರುವುದಿಲ್ಲ. ಕ್ಯಾಸಿನೊ ದುಡ್ಡನ್ನು ಮಾತ್ರ ಜನ ಬೇರೆ ಪುಟದಲ್ಲಿ, ಅದೂ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಾರೆ. "ಹತ್ತು ತಕ್ಕೊಂಡೋಗ್ತೀನಿ ಅಣ್ಣ, ರೂಮ್ ಬಾಡ್ಗೆ ಅದ್ರಲ್ಲೇ ಕಳೀತದೆ" ಎನ್ನುವವರನ್ನು ಟಿ. ನರಸೀಪುರದ ಹೋಟೆಲಿನಲ್ಲಿ ಕಾಫಿ ಮುಗಿಯುವಷ್ಟರಲ್ಲಿ ಇಬ್ಬರನ್ನಾದರೂ ತೋರಿಸಬಲ್ಲೆ.

ನಮ್ಮ ಕಡೆಯವರಿಗೆ ಜೂಜು ಹೊಸದಲ್ಲ. ಯುಗಾದಿ ದಿನ ಬೇವು ಬೆಲ್ಲ, ಮಾರನೆಯ ದಿನ ಹೊಸತೊಡಕಿನ ಬಾಡೂಟ, ಇವೆರಡರ ನಡುವೆ ಮರದ ಕೆಳಗೆ ಟವಲ್ ಹಾಸಿ ಇಸ್ಪೀಟು. ವರ್ಷವಿಡೀ ಎಲೆ ಮುಟ್ಟದವರೂ ಅವತ್ತು "ಶಾಸ್ತ್ರಕ್ಕೆ" ಎಂದು ಐವತ್ತು ರೂಪಾಯಿ ಇಡುತ್ತಾರೆ. ಶಾಸ್ತ್ರ ಸಂಜೆಯವರೆಗೂ ನಡೆದು, ಪೊಲೀಸ್ ಜೀಪಿನ ಸದ್ದು ಕೇಳಿದೊಡನೆ ಭತ್ತದ ಗದ್ದೆಯ ಬದುವಿನ ಮೇಲೆ ಓಡುವುದರಲ್ಲಿ ಮುಗಿಯುತ್ತದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಹಾಗೆ ಪಣವಿಟ್ಟು ಆಡುವುದು ಅಪರಾಧ. ಅದೇ ಇಸ್ಪೀಟಿನ ಅಂದರ್-ಬಾಹರ್ ಆಟವನ್ನು ಗಡಿ ದಾಟಿ ಪಣಜಿಯ ಮಾಂಡೋವಿ ನದಿಯಲ್ಲಿ ನಿಂತ ಹಡಗಿನ ಮೇಲೆ ಆಡಿದರೆ ರಸೀದಿ ಸಿಗುತ್ತದೆ. ಗೋವಾದವರು ತಮ್ಮ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೆ ಅವಕಾಶ ಕೊಟ್ಟರು, 1996ರಲ್ಲಿ ಹಡಗುಗಳಿಗೂ ಬಾಗಿಲು ತೆರೆದರು. ತಮಾಷೆಯೆಂದರೆ 2020ರಿಂದ ಗೋವಾದವರಿಗೇ ಅಲ್ಲಿ ಆಡಲು ಪ್ರವೇಶವಿಲ್ಲ. ಏನಿದ್ದರೂ ನಮ್ಮಂಥ ಹೊರಗಿನವರು ಬಂದು ಕಳೆದುಕೊಳ್ಳಬೇಕು. ಇತ್ತ 2023ರಲ್ಲಿ ನಮ್ಮೂರು ಸೋಮನಾಥಪುರದ ಕೇಶವ ದೇವಾಲಯ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಟಿಕೆಟ್ ತೆಗೆದು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಾವು ಆ ಬಸ್ಸುಗಳನ್ನು ದಾಟಿಕೊಂಡು ಗೋವಾಕ್ಕೆ ಹೊರಡುತ್ತೇವೆ.

ನಮ್ಮದು ಹನ್ನೊಂದು ಜನರ ತಂಡ. ಅಕ್ಕಂದಿರು, ಭಾವಂದಿರು, ಅತ್ತಿಗೆ, ಅವರ ಪಕ್ಕದ ಮನೆಯವರು. ದುಡ್ಡು ಹೊಂದಿಸಿದ್ದು ತಿಂಗಳ ಚೀಟಿಯಂತೆ. ಕಬ್ಬಿನ ಬಿಲ್ಲು ಬಂದಾಗ ಒಟ್ಟಿಗೆ ಕೊಡುತ್ತೇನೆಂದ ಭಾವನಿಗೆ ಅತ್ತಿಗೆಯೇ "ಬಿಲ್ಲು ಬರೋ ಹೊತ್ಗೆ ನಾವು ಹೋಗ್ಬುಟ್ಟು ಬಂದಿರ್ತೀವಿ" ಎಂದು ಬಾಯಿ ಮುಚ್ಚಿಸಿದರು. ಟೆಂಪೊ ಟ್ರಾವೆಲರ್ (ಟಿಟಿ) ಗಾಡಿಗೆ ಕಿಲೋಮೀಟರಿಗೆ 24 ರೂಪಾಯಿಗೆ ಮಾತಾಯಿತು. ಹೋಗಿ ಬಂದು, ಅಲ್ಲಿನ ಸುತ್ತಾಟವೂ ಸೇರಿ 1,600 ಕಿಲೋಮೀಟರ್ ಹಿಡಿದರೆ 38,400. ಡ್ರೈವರ್ ಬಾಟಾ, ಟೋಲ್, ಗೋವಾ ಪರ್ಮಿಟ್ ಸೇರಿದಾಗ 50 ಸಾವಿರದ ಹತ್ತಿರ, ಅಂದರೆ ತಲೆಗೆ 4,500. ಮೂರು ರಾತ್ರಿಯ ರೂಮು ಹಂಚಿಕೊಂಡು 3,000. ಊಟ ತಿಂಡಿ 2,500. ಕ್ಯಾಸಿನೊ ಪ್ರವೇಶದ ಪ್ಯಾಕೇಜು 3,000. ಚಿಪ್ಸ್ 4,000. ಒಟ್ಟು 17,000. ಕೊನೆಯ ಎರಡು ಬಾಬತ್ತು ಸೇರಿಸಿದರೆ 7,000. ಅಷ್ಟು ದೂರದ ಪ್ರಯಾಣಕ್ಕಿಂತ ಒಂದೇ ರಾತ್ರಿಯ ಹಡಗಿಗೆ ಹೆಚ್ಚು ಎಂಬುದು ಕಾಗದದ ಮೇಲೆ ಕಂಡಾಗಲೇ ಇಬ್ಬರು ಅಕ್ಕಂದಿರ ಮುಖ ಸಪ್ಪಗಾಯಿತು.

ಪ್ಯಾಕೇಜು ಎನ್ನುವುದರಲ್ಲಿ ಊಟ, ಕುಡಿಯುವುದು, ಮನರಂಜನೆ ಎಲ್ಲ ಇರುತ್ತದೆ. ಜೊತೆಗೆ ಒಂದಿಷ್ಟು ಚಿಪ್ಸ್ ಕೊಡುತ್ತಾರೆ. ಅವನ್ನು ಓಟಿಪಿ ಎನ್ನುತ್ತಾರೆ. ಬ್ಯಾಂಕಿನಿಂದ ಬರುವ ಓಟಿಪಿ ಅಲ್ಲ, ಒಂದು ಸಲ ಆಡಿದರೆ ಮುಗಿಯುವ ಚಿಪ್ಸ್. ಅವನ್ನು ಕೌಂಟರಿಗೆ ಒಯ್ದು ನಗದು ಮಾಡಿಸಲು ಬರುವುದಿಲ್ಲ, ಅದರಿಂದ ಗೆದ್ದದ್ದು ಮಾತ್ರ ನಿಮ್ಮದು. ಶನಿವಾರ ಭಾನುವಾರಕ್ಕೆ ಪ್ಯಾಕೇಜಿನ ದರ ಏರುತ್ತದೆ, ಡಿಸೆಂಬರ್ ಕೊನೆಯಲ್ಲಿ ಕೇಳುವುದೇ ಬೇಡ. 21 ವರ್ಷ ತುಂಬದವರನ್ನು ಆಟದ ಜಾಗಕ್ಕೆ ಬಿಡುವುದಿಲ್ಲ. ಕಾಲೇಜಿಗೆ ಹೋಗುವ ಹುಡುಗರನ್ನು ಕರೆದುಕೊಂಡು ಹೋಗುವವರು ಅವರಿಗೆ ಸಂಜೆಗೆ ಬೇರೆ ಏರ್ಪಾಡು ಮಾಡಬೇಕು.

ಇನ್ನು ಚಿಪ್ಸ್ ಕೌಂಟರು. ನಮ್ಮವರು ಇಲ್ಲಿ ನಿಂತು ಯೋಚಿಸುವುದೇ ಇಲ್ಲ, ಹಿಂದೆ ಕ್ಯೂ ಇರುತ್ತದೆ. 2023ರ ಅಕ್ಟೋಬರ್ 1ರಿಂದ ಕ್ಯಾಸಿನೊದಲ್ಲಿ ಕೊಳ್ಳುವ ಚಿಪ್ಸಿನ ಪೂರ್ತಿ ಬೆಲೆಯ ಮೇಲೆ ಶೇ 28 ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಗೆದ್ದರೂ ಸೋತರೂ, ಆಡಿದರೂ ಆಡದಿದ್ದರೂ, ಕೊಂಡ ಕ್ಷಣಕ್ಕೇ ತೆರಿಗೆ. ಈ ತೆರಿಗೆಯನ್ನು ಕ್ಯಾಸಿನೊ ತಾನು ಹೊರುತ್ತದೆಯೋ ಗಿರಾಕಿಯ ತಲೆಗೆ ಹಾಕುತ್ತದೆಯೋ ಎಂದು ದುಡ್ಡು ಕೊಡುವ ಮುಂಚೆ ಕೇಳಬೇಕು. ನಿಮ್ಮ ಕೈಯಿಂದಲೇ ಹೋಗುವುದಾದರೆ, 4,000 ಕೊಟ್ಟಾಗ ಸಿಗುವ ಚಿಪ್ಸ್ 2,857 ರೂಪಾಯಿಯದು. ಉಳಿದ 1,143 ಸರ್ಕಾರಕ್ಕೆ.

ಇದರಲ್ಲಿ ಇನ್ನೊಂದು ಗಂಟಿದೆ. ಚಿಪ್ಸ್ ಉಳಿಸಿ ವಾಪಸ್ ಕೊಟ್ಟರೆ ಚಿಪ್ಸಿನ ದುಡ್ಡು ಬರುತ್ತದೆ, ತೆರಿಗೆ ಬರುವುದಿಲ್ಲ. ನಿಯಮದಲ್ಲೇ ಹಾಗಿದೆ: ಹಿಂದಿರುಗಿಸಿದ ಚಿಪ್ಸಿನ ಮೊತ್ತವನ್ನು ತೆರಿಗೆಯ ಲೆಕ್ಕದಿಂದ ಕಳೆಯುವಂತಿಲ್ಲ. ಆದರೆ ಗೆದ್ದ ಚಿಪ್ಸನ್ನೇ ಮತ್ತೆ ಆಟಕ್ಕೆ ಇಟ್ಟರೆ ಮತ್ತೆ ತೆರಿಗೆ ಇಲ್ಲ. ಹಾಗಾಗಿ ಒಟ್ಟಿಗೆ ಹತ್ತು ಸಾವಿರದ ಚಿಪ್ಸ್ ಕೊಂಡು "ಉಳಿದ್ರೆ ವಾಪಸ್ ಕೊಟ್ರಾಯ್ತು" ಎನ್ನುವುದು ದಂಡ. ಸಾವಿರ ಸಾವಿರವೇ ಕೊಳ್ಳಿ, ಎಷ್ಟು ಸಲ ಬೇಕಾದರೂ ಕ್ಯೂ ನಿಲ್ಲಿ. ಹಾಗೇ, ಸ್ವಲ್ಪ ಗೆದ್ದೊಡನೆ ನಗದು ಮಾಡಿಸಿ ಅರ್ಧ ಗಂಟೆಯ ನಂತರ ಮತ್ತೆ ಕೊಳ್ಳಲು ಹೋದರೆ ಹೊಸದಾಗಿ ಶೇ 40 ಕಟ್ಟಬೇಕು. ನಗದು ಮಾಡಿಸಿದ ಮೇಲೆ ಹಡಗು ಇಳಿದುಬಿಡುವುದೇ ಸರಿ.

ಮೇಜಿನ ಲೆಕ್ಕ ನಿಜ ಹೇಳಬೇಕೆಂದರೆ ಇಷ್ಟು ಕ್ರೂರವಲ್ಲ. ಅಂದರ್-ಬಾಹರ್ ನಮ್ಮವರಿಗೆ ಗೊತ್ತಿರುವ ಆಟವಾದ್ದರಿಂದ ಅದನ್ನೇ ತೆಗೆದುಕೊಳ್ಳೋಣ. ನಡುವೆ ಒಂದು ಎಲೆ ತೆರೆದಿಡುತ್ತಾರೆ, ಏಳು ಅಂತಿಟ್ಟುಕೊಳ್ಳಿ. ಆಮೇಲೆ ಅಂದರ್‌ಗೆ ಒಂದು, ಬಾಹರ್‌ಗೆ ಒಂದು ಎಂದು ಎಲೆ ಹಾಕುತ್ತಾ ಹೋದಂತೆ ಇನ್ನೊಂದು ಏಳು ಯಾವ ಕಡೆ ಬೀಳುತ್ತದೋ ಆ ಕಡೆ ಗೆದ್ದಂತೆ. ಮೊದಲ ಎಲೆ ಬೀಳುವ ಕಡೆಗೆ ಗೆಲ್ಲುವ ಸಾಧ್ಯತೆ ಶೇ 51.5, ಇನ್ನೊಂದು ಕಡೆಗೆ ಶೇ 48.5. ಯುಗಾದಿಯ ಟವಲ್ ಮೇಲೆ ಎರಡಕ್ಕೂ ನೂರಕ್ಕೆ ನೂರು. ಕ್ಯಾಸಿನೊದ ಸಾಮಾನ್ಯ ನಿಯಮದಲ್ಲಿ ಮೊದಲ ಎಲೆಯ ಕಡೆ ಗೆದ್ದರೆ ನೂರಕ್ಕೆ 90 ಮಾತ್ರ. ಆ ಹತ್ತು ರೂಪಾಯಿಯಲ್ಲೇ ಹಡಗಿನ ದೀಪ, ಬಿರಿಯಾನಿ, ಹಾಡು ಕುಣಿತ ಎಲ್ಲ ನಡೆಯಬೇಕು. ಹೀಗೆ ಲೆಕ್ಕ ಹಾಕಿದರೆ ಪ್ರತಿ ನೂರು ರೂಪಾಯಿ ಪಣಕ್ಕೆ ಸರಾಸರಿ ಮೊದಲ ಕಡೆ 2 ರೂಪಾಯಿ 15 ಪೈಸೆ, ಇನ್ನೊಂದು ಕಡೆ 3 ರೂಪಾಯಿ ಅವರಿಗೆ ಉಳಿಯುತ್ತದೆ. ಒಂದು ಸೊನ್ನೆಯ ರೂಲೆಟ್‌ನಲ್ಲಿ 37 ಮನೆ, ಒಂದೇ ಮನೆಯ ಮೇಲೆ ಇಟ್ಟು ಗೆದ್ದರೆ ಕೊಡುವುದು ಒಂದಕ್ಕೆ 35. ಅಲ್ಲಿ ಅವರ ಪಾಲು ನೂರಕ್ಕೆ 2.7.

ಗಂಟೆಗೆ 40 ಆಟ, ಆಟಕ್ಕೆ 200 ರೂಪಾಯಿ ಅಂದರೆ 8,000 ರೂಪಾಯಿ ಮೇಜಿನ ಮೇಲೆ ಓಡಾಡುತ್ತದೆ. ಅಂದರ್-ಬಾಹರ್‌ನ ಮೊದಲ ಕಡೆಗೇ ಇಟ್ಟರೆ ಅದರಲ್ಲಿ ಸರಾಸರಿ ನಷ್ಟ 172. ಒಂದು ಗಂಟೆಯ ಮೋಜಿಗೆ ಇದು ದುಬಾರಿಯಲ್ಲ, ಮೈಸೂರಿನ ಮಾಲ್‌ನಲ್ಲಿ ಸಿನಿಮಾ ನೋಡಿ ಪಾಪ್‌ಕಾರ್ನ್ ಕೊಂಡರೆ ಅಷ್ಟಾದರೂ ಆಗುತ್ತದೆ. ಆದರೆ ಸರಾಸರಿ ಕಾಣಬೇಕಾದರೆ ಅಷ್ಟು ಹೊತ್ತು ಕೂರಲು ಚಿಪ್ಸ್ ಉಳಿದಿರಬೇಕಲ್ಲ. ಶನಿವಾರ ರಾತ್ರಿ ಕನಿಷ್ಠ ಪಣ 500 ಇರುವ ಮೇಜಿನಲ್ಲಿ 2,857 ರೂಪಾಯಿ ಚಿಪ್ಸ್ ಎಂದರೆ ಐದೇ ಆಟ. ನಮ್ಮ ಭಾವ ಹಾಗೆ ಕೂತು, ಸಪ್ಲೈಯರ್ ಸ್ಟಾರ್ಟರ್ ತರುವ ಮುಂಚೆಯೇ ಎದ್ದು ಬಂದರು. ಅತ್ತಿಗೆ ಮಾತ್ರ ನೂರರ ಮೇಜು ಹುಡುಕಿಕೊಂಡು ಹೋಗಿ, ಪ್ರತಿ ಎಲೆಗೂ "ಅಯ್ಯೋ ಶಿವ್ನೆ" ಎನ್ನುತ್ತಾ ರಾತ್ರಿ ಒಂದು ಗಂಟೆವರೆಗೂ ಅದೇ ಚಿಪ್ಸ್ ತಿರುಗಿಸುತ್ತಿದ್ದರು. ಕೊನೆಗೆ ಅವರ ಕೈಯಲ್ಲಿ ಉಳಿದದ್ದು 1,900 ರೂಪಾಯಿಯ ಚಿಪ್ಸ್. ವಾರದ ನಡುವೆ ಹೋದರೆ ಇಂಥ ಕಡಿಮೆ ಪಣದ ಮೇಜುಗಳು ಹೆಚ್ಚು ಸಿಗುತ್ತವೆ. ಮಂಗಳವಾರ ಹೊರಡುವ ಟ್ರಿಪ್ಪಿಗೆ ನನ್ನ ಓಟು ಅದಕ್ಕೇ.

ಕ್ಯಾಸಿನೊ ಖರ್ಚು ಗೋವಾಕ್ಕೇ ಮುಗಿಯುವುದಿಲ್ಲ. ಅಮೆರಿಕದಲ್ಲಿರುವ ನಮ್ಮ ಕಡೆಯ ಹುಡುಗರು ಅಪ್ಪ ಅಮ್ಮನನ್ನು ಗ್ರಾಂಡ್ ಕ್ಯಾನ್ಯನ್ ತೋರಿಸಲು ಕರೆದೊಯ್ಯುವಾಗ ಲಾಸ್ ವೇಗಸ್‌ನಲ್ಲಿ ಒಂದು ರಾತ್ರಿ ನಿಲ್ಲಿಸುವುದು ಈಗ ರೂಢಿ. ಅಲ್ಲಿ ರೂಮಿನ ದರದ ಮೇಲೆ ರೆಸಾರ್ಟ್ ಫೀ ಎಂದು ಬೇರೆ ಸೇರಿಸುತ್ತಾರೆ, ಅದನ್ನು ಬಜೆಟ್ಟಿನಲ್ಲಿ ಹಿಡಿಯಬೇಕು. ರೂಲೆಟ್‌ನಲ್ಲಿ ಸೊನ್ನೆ ಎಷ್ಟಿವೆ ಎಂದು ಎಣಿಸಿ ಕೂರಬೇಕು: ಎರಡು ಸೊನ್ನೆ ಇದ್ದರೆ ಅವರ ಪಾಲು ನೂರಕ್ಕೆ 5.26, ಮೂರಿದ್ದರೆ 7.69.

ಬಜೆಟ್ಟನ್ನು ನಿಜವಾಗಿ ಮುರಿಯುವುದು ಇಸ್ಪೀಟಲ್ಲ, ಫೋನು. ಹಿಂದೆ ಜೇಬು ಖಾಲಿಯಾದರೆ ಆಟ ಮುಗಿಯುತ್ತಿತ್ತು. ಈಗ ಜೇಬಿನಲ್ಲಿ ಬ್ಯಾಂಕೇ ಕೂತಿರುತ್ತದೆ. ಗೋವಾದಲ್ಲಿ ನಾವು ಮಾಡಿದ ಏರ್ಪಾಡು ಹೀಗೆ: ಚಿಪ್ಸಿನ ದುಡ್ಡು ಹೆಸರು ಬರೆದ ಕವರಿನಲ್ಲಿ ನಗದಾಗಿ, ಫೋನು ಕಾರ್ಡು ಎಲ್ಲ ಆಟಕ್ಕೆ ಬಾರದ ದೊಡ್ಡಕ್ಕನ ಬ್ಯಾಗಿನಲ್ಲಿ. ದೊಡ್ಡಕ್ಕ ಹಡಗು ಹತ್ತಲೇ ಇಲ್ಲ, ಮಂಗೇಶಿ ಗುಡಿಗೆ ಹೋಗಿ ಬಂದು ರೂಮಿನಲ್ಲಿ ನಿದ್ದೆ ಮಾಡಿದರು. ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆದರೆ ಶುಲ್ಕ ಬೇರೆ, ತೆಗೆದ ದಿನದಿಂದಲೇ ತಿಂಗಳಿಗೆ ಶೇ 3ಕ್ಕೂ ಮೇಲ್ಪಟ್ಟ ಬಡ್ಡಿ ಬೇರೆ. ಊರಿನ ಗಿರವಿ ಅಂಗಡಿ ಅದಕ್ಕಿಂತ ವಾಸಿ ಎನ್ನಿಸುವ ದರ ಅದು.

ಗೆದ್ದವರಿಗೂ ಒಂದು ಮಾತು. ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲವಾದ್ದರಿಂದ ನಮ್ಮಲ್ಲಿ ಬಹಳ ಮಂದಿ ಈ ದುಡ್ಡಿಗೂ ಇಲ್ಲ ಎಂದುಕೊಂಡಿದ್ದಾರೆ. ಜೂಜಿನ ಗೆಲುವಿಗೆ ಶೇ 30, ಸೆಸ್ ಸೇರಿ ಶೇ 31.2 ಆದಾಯ ತೆರಿಗೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲವೆಂಬ ರಿಯಾಯಿತಿ ಇದಕ್ಕೆ ಸಿಗುವುದಿಲ್ಲ. ಇಪ್ಪತ್ತು ಸಾವಿರ ಗೆದ್ದು ಆಮೇಲೆ ಮೂವತ್ತು ಸಾವಿರ ಸೋತರೂ ಸೋತದ್ದನ್ನು ಕಳೆದು ತೋರಿಸುವಂತಿಲ್ಲ, ಹೋದ ಡೀಸೆಲ್ ಖರ್ಚನ್ನಂತೂ ಕೇಳಲೇಬೇಡಿ.

ಬಂದ ಮೇಲೆ ಕೂತು ಲೆಕ್ಕ ಓದಿದಾಗ ಒಂದು ತಿದ್ದುಪಡಿ ಒಪ್ಪಿಗೆಯಾಯಿತು. ಮುಂದಿನ ಸಲದಿಂದ ಆ 7,000 ಕಡ್ಡಾಯವಲ್ಲ, ಹಡಗು ಹತ್ತದವರು ಚೀಟಿಗೆ ಅಷ್ಟು ಕಡಿಮೆ ಕಟ್ಟಬಹುದು. ಅಕ್ಕಂದಿರು ನಾಲ್ವರೂ ಅಲ್ಲೇ ಕೈ ಎತ್ತಿದರು. ಭಾವ ಪ್ಯಾಕೇಜಿನ 3,000 ಇರಲಿ, ಊಟ ಚೆನ್ನಾಗಿತ್ತು, ಚಿಪ್ಸಿನ 4,000 ಮಾತ್ರ ಬೇಡ ಎಂದರು. ಅತ್ತಿಗೆ ಎರಡೂ ಕಟ್ಟುತ್ತಾರಂತೆ. ಡ್ರೈವರ್ ಬಾಟಾವನ್ನು ದಿನಕ್ಕೆ ನೂರು ರೂಪಾಯಿ ಹೆಚ್ಚಿಸಬೇಕೆಂದು ನಾನು ಸೇರಿಸಿದ ಸಾಲಿಗೆ ಮಾತ್ರ ಇನ್ನೂ ಚರ್ಚೆ ನಡೆಯುತ್ತಿದೆ.