ಗೆರೆ ಎಳೆಯುವ ಯಂತ್ರ

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹಾದಿಯಲ್ಲಿ ಕುಂಸಿ ಎಂಬ ಊರಿದೆ. ಇಂದು ಅದು ಹೋಬಳಿಯ ಕೇಂದ್ರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉಪತಾಲ್ಲೂಕಾಗಿತ್ತು. ಊರು ಇದ್ದಲ್ಲಿಯೇ ಇದೆ. ಭೂಪಟದ ಗೆರೆ ಮಾತ್ರ ಸರಿದಿದೆ. ಇಂತಹ ಗೆರೆಗಳು ಹುಟ್ಟುವ ಬಗೆ ತಿಳಿಯತಕ್ಕುದು.

ಮೈಸೂರು ಸಂಸ್ಥಾನದ ಕಂದಾಯ ಮೋಜಣಿಯಲ್ಲಿ ಬಳಸಿದ ಸರಪಳಿಯ ಉದ್ದ 33 ಅಡಿ. ಅದರಲ್ಲಿ 16 ಆಣೆಗಳ ವಿಭಾಗ. ಉದ್ದಗಲಗಳೆರಡೂ ಒಂದೊಂದು ಸರಪಳಿಯಾದ ನೆಲವೇ ಒಂದು ಗುಂಟೆ. 40 ಗುಂಟೆ ಸೇರಿದರೆ ಒಂದು ಎಕರೆ. ಭೂಮಾಪಕನು ಹೊಲದ ನಡುವೆ ಒಂದು ನೇರವಾದ ಗೆರೆಯನ್ನು ಹಿಡಿದು, ಅದರಿಂದ ಎಡಬಲದ ಬದುಗಳಿಗಿರುವ ದೂರವನ್ನು ಅಳೆದು ಟಿಪ್ಪಣಿಯಲ್ಲಿ ದಾಖಲಿಸುತ್ತಿದ್ದನು. ಹೀಗೆ ಬದುವಿನ ಪ್ರತಿಯೊಂದು ಮೂಲೆಯೂ ಮೊದಲು ಎರಡು ಅಂಕೆಗಳಾಗಿ, ಅನಂತರ ನಕಾಶೆಗಾರನ ಕೈಯಲ್ಲಿ ಮರಳಿ ಗೆರೆಯಾಗುತ್ತಿತ್ತು.

ಅಂಕೆಯನ್ನು ಗೆರೆಯಾಗಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದಲ್ಲವೆ? ಹಾಗೆ ಬಂದುದೇ ಪ್ಲಾಟರ್. 1959ರಲ್ಲಿ ಅಮೆರಿಕದ ಕ್ಯಾಲ್‌ಕಾಂಪ್ ಸಂಸ್ಥೆ ಹೊರತಂದ ‘565’ ಎಂಬ ಯಂತ್ರದಲ್ಲಿ ಉರುಳೆಯೊಂದು ಕಾಗದವನ್ನು ಹಿಂದೆ ಮುಂದೆ ಸರಿಸಿದರೆ, ಲೇಖನಿ ಅದಕ್ಕೆ ಅಡ್ಡಲಾಗಿ ಚಲಿಸುತ್ತಿತ್ತು. ಅದರ ಒಂದು ಹೆಜ್ಜೆ ಅಂಗುಲದ ನೂರರಲ್ಲೊಂದು ಭಾಗ. 1983ರ ಹ್ಯೂಲೆಟ್ ಪ್ಯಾಕರ್ಡ್ 7475ಎ ಇನ್ನೂ ನಯಗಾರ. ಒಂದು ಮಿಲಿಮೀಟರನ್ನು ಅದು 40 ಭಾಗ ಮಾಡಿ ಎಣಿಸುತ್ತದೆ. ಆರು ಬಣ್ಣದ ಲೇಖನಿಗಳನ್ನು ಗಾಲಿಯೊಂದರಲ್ಲಿ ಇರಿಸಿಕೊಂಡು ಬೇಕಾದಾಗ ಬದಲಿಸುತ್ತದೆ. ಲೇಖನಿಯನ್ನು ಆರಿಸು, ಎತ್ತು, ಇಳಿಸು, ಇಂತಹ ಬಿಂದುವಿಗೆ ಹೋಗು—ಅದಕ್ಕೆ ಕೊಡುವ ಮುಖ್ಯ ಆಜ್ಞೆಗಳು ಇಷ್ಟೇ. ಮೋಜಣಿಯ ಟಿಪ್ಪಣಿಯನ್ನು ಓದಬಲ್ಲವನಿಗೆ ಈ ಭಾಷೆ ಹೊಸದೇನೂ ಅಲ್ಲ.

1990ರ ದಶಕದಲ್ಲಿ ಶಾಯಿಯನ್ನು ಸಿಂಪಡಿಸುವ ಮುದ್ರಣಯಂತ್ರಗಳು ಬಂದು ಪ್ಲಾಟರುಗಳು ಮೂಲೆ ಸೇರಿದವು. ಆದರೆ ಕಲಾವಿದರು ಅವನ್ನು ಕೈಬಿಡಲಿಲ್ಲ. 1965ರಲ್ಲಿಯೇ ಗಿಯೋರ್ಗ್ ನೀಸ್, ಫ್ರೀಡರ್ ನಾಕೆ ಎಂಬವರು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಯಂತ್ರವು ಬರೆದ ರೇಖಾಚಿತ್ರಗಳನ್ನು ಪ್ರದರ್ಶಿಸಿದ್ದರು. ಇಂದು ಹಳೆಯ ಪ್ಲಾಟರುಗಳನ್ನು ದುರಸ್ತಿ ಮಾಡಿ ಭೂಪಟಗಳನ್ನೇ ಕಲಾಕೃತಿಗಳಾಗಿ ಬರೆಸುವವರಿದ್ದಾರೆ. ಸಮೋನ್ನತಿ ರೇಖೆಗಳು ಒತ್ತೊತ್ತಾಗಿ ಬರುವ ಮಲೆನಾಡಿನಂತಹ ನೆಲ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ನಡುವೆ ಶಾಯಿ ಒಣಗಿದರೆ ಮಾತ್ರ ಯಂತ್ರಕ್ಕೆ ತಿಳಿಯದು. ಅದು ಬರಿಯ ಮೊನೆಯನ್ನೇ ಕಾಗದದ ಮೇಲೆ ಎಳೆಯುತ್ತ ಹೋಗುತ್ತದೆ.

ಅದಕ್ಕೆ ಇನ್ನೊಂದು ಕೊರತೆಯುಂಟು. ಬಣ್ಣ ಬಳಿಯಲು ಅದಕ್ಕೆ ಬಾರದು. ಪ್ರದೇಶವೊಂದನ್ನು ತುಂಬಬೇಕಾದರೆ ಒತ್ತಾಗಿ ಗೆರೆಗಳನ್ನೇ ಎಳೆಯಬೇಕು. ಈ ಕೊರತೆಯೇ ಗುಣವಾಗಿ ತೋರುವ ಸಂದರ್ಭವೊಂದು ಶಿವಮೊಗ್ಗ ಜಿಲ್ಲೆಯಲ್ಲಿಯೇ ಇದೆ. ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು. ನಾಡಿಗೆ ಬೆಳಕು ಬಂದಿತು. ಗದ್ದೆ, ತೋಟ, ಮನೆ, ದೇಗುಲಗಳು ನೀರಿನಡಿ ಸೇರಿದವು. ಮನೆಮಾರು ಕಳೆದುಕೊಂಡ ಕುಟುಂಬಗಳಲ್ಲಿ ಎಷ್ಟೋ ಶಿವಮೊಗ್ಗ ತಾಲ್ಲೂಕಿನ ಕಾಡಂಚುಗಳಿಗೆ ಬಂದು ಹೊಸ ಬಾಳು ಹೂಡಿದವು. 1948ರಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಆ ನೀರಿನಲ್ಲಿಯೇ ಮುಳುಗಿತು.

ಅಚ್ಚಾದ ಭೂಪಟಗಳಲ್ಲಿ ಆ ಪ್ರದೇಶವೆಲ್ಲ ಒಂದೇ ನೀಲಿ; ಅದರಡಿ ಏನಿತ್ತೆಂಬುದರ ಸುಳಿವೂ ಇಲ್ಲ. ಪ್ಲಾಟರಿಗೆ ಮುಳುಗಡೆಗೆ ಮುಂಚಿನ ಮೋಜಣಿಯ ಹಾಳೆಗಳಿಂದ ತೆಗೆದ ಅಂಕೆಗಳನ್ನು ಕೊಟ್ಟರೆ, ಅದು ಮೊದಲ ಲೇಖನಿಯಿಂದ ಹಳೆಯ ಹೊಳೆಯ ತಿರುವುಗಳನ್ನೂ ಬಂಡಿಜಾಡುಗಳನ್ನೂ ಊರುಗಳನ್ನೂ ಬರೆಯುತ್ತದೆ. ಶಾಯಿ ಆರಿದ ಮೇಲೆ ನೀಲಿಯ ಲೇಖನಿಯಿಂದ ಜಲಾಶಯದ ಅಂಚನ್ನು ಎಳೆಯುತ್ತದೆ. ಆ ಅಂಚು ಬಂಡಿಜಾಡುಗಳನ್ನು ಒಂದೊಂದಾಗಿ ಕತ್ತರಿಸುತ್ತ ಕಣಿವೆಕಣಿವೆಗೂ ಒಳನುಗ್ಗಿ, ಹೊರಟ ಬಿಂದುವಿಗೇ ಬಂದು ಕೂಡುತ್ತದೆ. ಬಳಿಕ ಲೇಖನಿ ಮೇಲೇಳುತ್ತದೆ. ನೀಲಿಯ ಗೆರೆಯೊಳಗೆ ಹೊಳೆಯೂ ಊರುಗಳೂ ಬರೆದಂತೆಯೇ ಉಳಿದಿರುತ್ತವೆ.