ಎಂಬತ್ತು ರೂಪಾಯಿಯ ಬಂಡವಾಳ

ಸೋಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಾವು ಮುಂಗಾರಿಗೆ ಉದ್ದು ಬೆಳೆಯುತ್ತೇವೆ. ರಾಶಿಯಾದೊಡನೆ ಅಡತಿಗೆ ಹಾಕುತ್ತೇವೆ. ಅದೇ ಉದ್ದು ಹಪ್ಪಳವಾಗಿ ಬಂದಾಗ ಹೆಚ್ಚು ಬೆಲೆ ತೆತ್ತು ಕೊಳ್ಳುತ್ತೇವೆ. ನಡುವಿನ ಲಾಭವನ್ನು ನಮ್ಮ ಹೆಣ್ಣುಮಕ್ಕಳೇ ಏಕೆ ಗಳಿಸಬಾರದು? ಹಣ ಯಾರು ಕೊಡುತ್ತಾರೆಂಬ ಪ್ರಶ್ನೆ ಮೊದಲು ಏಳುತ್ತದೆ. ಇದಕ್ಕೆ ಉತ್ತರವನ್ನು ಮುಂಬಯಿಯ ಏಳು ಮಂದಿ ಗೃಹಿಣಿಯರಿಂದ ಕಲಿಯೋಣ.

1959ರ ಮಾರ್ಚ್ 15ರಂದು ಗಿರಗಾಂವದ ಒಂದು ಮಾಳಿಗೆಯ ಮೇಲೆ ಇವರು ಹಪ್ಪಳ ಮಾಡತೊಡಗಿದರು. ಛಗನಲಾಲ ಕರಮಸಿ ಪಾರೇಖರು ಕೊಟ್ಟ 80 ರೂಪಾಯಿ ಸಾಲವೇ ಬಂಡವಾಳ. ಮೊದಲ ದಿನದ ಮಾಲು ನಾಲ್ಕೇ ಕಟ್ಟು. ನಷ್ಟವಾದರೂ ದಾನ ಬೇಡೆವೆಂದು ನಿಶ್ಚಯಿಸಿದರು. ಅಗ್ಗದ ಎರಡನೆಯ ದರ್ಜೆಯ ಹಪ್ಪಳವನ್ನೂ ಮಾಡಹೊರಟಾಗ ಪಾರೇಖರು ತಡೆದು, ಗುಣ ಒಂದೇ ಇರಲಿ, ಲೆಕ್ಕ ಚೊಕ್ಕವಿರಲಿ ಎಂದರು. ಮಳೆಗಾಲದಲ್ಲಿ ಬಿಸಿಲಿಲ್ಲದೆ ಕೆಲಸ ನಿಂತಿತು. ಮರುವರ್ಷ ಮಂಚದ ಮೇಲೆ ಹಪ್ಪಳ ಹರವಿ ಕೆಳಗೆ ಒಲೆಯಿಟ್ಟು ಒಣಗಿಸಿದರು. ಮೊದಲ ವರ್ಷದ ವ್ಯಾಪಾರ 6,196 ರೂಪಾಯಿ. 1966ರಲ್ಲಿ ಸಂಸ್ಥೆ ನೋಂದಣಿಯಾಯಿತು. ಅದೇ ವರ್ಷ ಖಾದಿ ಗ್ರಾಮೋದ್ಯೋಗ ಆಯೋಗವು ಅದಕ್ಕೆ ಮನ್ನಣೆಯಿತ್ತು, 8 ಲಕ್ಷ ರೂಪಾಯಿ ಬಂಡವಾಳ ಒದಗಿಸಿತು. ಇಂದಿನ ಲಿಜ್ಜತ್ ಹಪ್ಪಳ ಇದೇ.

ಹಣ ಕೊಡುವವರು ಕಣ್ಣೀರು ನೋಡಿ ಕೊಡುವುದಿಲ್ಲ. ಮಾಲು ನೋಡಿ, ವಹಿ ನೋಡಿ ಕೊಡುತ್ತಾರೆ. ಆದುದರಿಂದ ನಮ್ಮ ಅಕ್ಕತಂಗಿಯರು ಈ ನಾಲ್ಕು ಮಾತು ನೆನಪಿಡಬೇಕು:

1. ಮೊದಲು ಉಳಿತಾಯ. ಹತ್ತು ಮಂದಿ ಬಚತ ಗಟ ಕಟ್ಟಿ ತಿಂಗಳಿಗೆ ತಲಾ 100 ರೂಪಾಯಿ ಹಾಕಿದರೆ ವರ್ಷಕ್ಕೆ 12,000 ಆಗುತ್ತದೆ. 1992ರಲ್ಲಿ ನಬಾರ್ಡ್ ಹಾಕಿಕೊಟ್ಟ ಪದ್ಧತಿಯಂತೆ ಬ್ಯಾಂಕುಗಳು ಇಂಥ ಗಟಗಳಿಗೆ ಸಾಲ ಕೊಡುತ್ತವೆ.

2. ದಿನದ ಜಮಾ-ಖರ್ಚು ಅಂದೇ ಬರೆಯಬೇಕು. ಮನೆಯ ಉದ್ದಿಗೂ ಪೇಟೆಯ ಬೆಲೆ ಹಿಡಿಯಬೇಕು. ತಮ್ಮ ಕೂಲಿಯನ್ನೂ ಬಿಡಬಾರದು.

3. ಸಾಲ ಬೇರೆ, ಪಾಲು ಬೇರೆ. ಸಾಲಕ್ಕೆ ಲಾಭವಾಗಲಿ ಬಿಡಲಿ ಕಂತು ತಪ್ಪದು. ಪಾಲು ಹಾಕಿದವನಿಗೆ ಕಂತಿಲ್ಲ. ಪಾಲಿಗೆ ಮಾಡಿದ ಹೊಲದಂತೆ ಲಾಭ ನಷ್ಟ ಎರಡರಲ್ಲೂ ಅವನು ಭಾಗಿ. ಆದರೆ ಉದ್ಯೋಗದಲ್ಲಿ ಅವನ ಮಾತೂ ನಡೆಯುತ್ತದೆ. ಅರ್ಧಕ್ಕಿಂತ ಹೆಚ್ಚು ಪಾಲು ಬಿಟ್ಟುಕೊಟ್ಟರೆ ಯಜಮಾನಿಕೆಯೇ ಕೈತಪ್ಪೀತು.

4. ನಮ್ಮ ಕಡೆ ಕಾಗದಪತ್ರ ಮರಾಠಿಯಲ್ಲಿರುತ್ತದೆ. ಓದಿಸಿ, ಕನ್ನಡದಲ್ಲಿ ಅರ್ಥ ಕೇಳಿ ತಿಳಿದ ಮೇಲೆಯೇ ಸಹಿ ಹಾಕಬೇಕು.

ಈ ಸಲದ ರಾಶಿಯಲ್ಲಿ ಒಂದು ಚೀಲ ಉದ್ದು ಅಡತಿಗೆ ಹೋಗದೆ ಮನೆಯಲ್ಲುಳಿಯಲಿ. ಅದರ ಪಕ್ಕದಲ್ಲಿ ಒಂದು ಹೊಸ ವಹಿಯೂ ಇರಲಿ.