ಇಲ್ಲದ ಕಾಲಿನ ನೋವು

ನೆಲಬಾಂಬಿಗೆ ಸಿಕ್ಕಿ ಎಡಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡ ಯೋಧನೊಬ್ಬ ಯುದ್ಧ ಮುಗಿದ ಮೇಲೆ ಊರಿಗೆ ಮರಳಿದ್ದಾನೆ ಎಂದುಕೊಳ್ಳಿ. ಹಾರ, ಮೆರವಣಿಗೆ, ಭಾಷಣ ಎಲ್ಲ ಮುಗಿದಿವೆ. ಒಂದು ರಾತ್ರಿ ಎರಡು ಗಂಟೆಗೆ ಆತ ಹೆಂಡತಿಯನ್ನು ಎಬ್ಬಿಸುತ್ತಾನೆ. "ಎಡಗಾಲಿನ ಹೆಬ್ಬೆರಳನ್ನು ಯಾರೋ ತಿರುಚಿದ ಹಾಗಾಗ್ತಿದೆ ಕಣೇ, ತಡೆಯೋಕಾಗ್ತಿಲ್ಲ." ಆಕೆ ದೀಪ ಹಾಕಿ ನೋಡುತ್ತಾಳೆ. ಅಲ್ಲಿ ಹೆಬ್ಬೆರಳೂ ಇಲ್ಲ, ಪಾದವೂ ಇಲ್ಲ. ಬೆಳಿಗ್ಗೆ ವಿಷಯ ತಿಳಿದ ಅತ್ತೆ ದೃಷ್ಟಿ ತೆಗೆಯಲು ಹೊರಡುತ್ತಾರೆ. ಮಾವ "ಪಾಪ, ತಲೆಗೆ ಪೆಟ್ಟಾಗಿರಬೇಕು" ಎಂದು ಪಿಸುಗುಡುತ್ತಾರೆ. ಅದು ಆತನ ಕಿವಿಗೂ ಬೀಳುತ್ತದೆ. ಮರುದಿನದಿಂದ ಆತ ಯಾರನ್ನೂ ಎಬ್ಬಿಸುವುದಿಲ್ಲ. ಹಲ್ಲು ಕಚ್ಚಿ ಬೆಳಗು ಮಾಡುತ್ತಾನೆ.

ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಇಂಥವರಿದ್ದರೆ ಮೊದಲು ತಿಳಿಯಬೇಕಾದ ಮಾತು ಇಷ್ಟೇ: ಆ ನೋವು ನಿಜ. ಭ್ರಮೆಯಲ್ಲ, ಹುಚ್ಚಲ್ಲ, ಗಾಳಿ ಸೋಕಿದ್ದಂತೂ ಅಲ್ಲ.

ವೈದ್ಯರಿಗೆ ಇದು ಹೊಸದೇನಲ್ಲ. ಹದಿನಾರನೆಯ ಶತಮಾನದಲ್ಲೇ ಫ್ರಾನ್ಸಿನ ಸೇನಾ ಶಸ್ತ್ರವೈದ್ಯ ಆಂಬ್ರೋಸ್ ಪಾರೆ ಇದನ್ನು ಬರೆದಿಟ್ಟಿದ್ದ. ಹೆಸರು ಕೊಟ್ಟವನು ಅಮೆರಿಕದ ಸೈಲಸ್ ವಿಯರ್ ಮಿಚೆಲ್. 1861ರಿಂದ 1865ರವರೆಗೆ ನಡೆದ ಅಲ್ಲಿನ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರನ್ನು ಆತ ಫಿಲಡೆಲ್ಫಿಯಾದಲ್ಲಿ ನೋಡಿಕೊಂಡಿದ್ದ. 1871ರಲ್ಲಿ ಇದನ್ನು 'ಫ್ಯಾಂಟಮ್ ಲಿಂಬ್', ಅಂದರೆ ಮಾಯಾ ಅವಯವ ಎಂದು ಕರೆದ. ಅದಕ್ಕೆ ಐದು ವರ್ಷ ಮೊದಲು ಆತ ಇದೇ ವಿಷಯದ ಮೇಲೆ ಹೆಸರು ಹಾಕದೆ ಒಂದು ಕಥೆ ಪ್ರಕಟಿಸಿದ್ದ. ಅದರ ನಾಯಕ ಕೈಕಾಲು ನಾಲ್ಕನ್ನೂ ಕಳೆದುಕೊಂಡ ಸೇನಾಧಿಕಾರಿ. ಓದುಗರು ಅದನ್ನು ನಿಜವೆಂದೇ ನಂಬಿ ಆತನಿಗಾಗಿ ಹಣ ಕೂಡಿಸಿದರಂತೆ!

ಇಲ್ಲದ ಕಾಲು ನೋಯುವುದಾದರೂ ಹೇಗೆ? ನಮ್ಮ ಮಿದುಳಿನ ಮೇಲ್ಪದರದಲ್ಲಿ ಇಡೀ ಶರೀರದ ನಕ್ಷೆಯೊಂದಿದೆ. ಪಾದಕ್ಕೆ ಒಂದು ಜಾಗ, ಬೆರಳಿಗೆ ಒಂದು ಜಾಗ, ತುಟಿಗೆ ಇನ್ನೊಂದು. ಕಾಲು ಹೋದರೂ ಈ ನಕ್ಷೆಯಲ್ಲಿ ಕಾಲಿನ ಜಾಗ ಅಳಿಸಿಹೋಗುವುದಿಲ್ಲ. ಅತ್ತ ಕತ್ತರಿಸಿದ ನರಗಳ ತುದಿಗಳು ಚಿಗುರಿ ಗಂಟು ಕಟ್ಟಿಕೊಂಡು ಅಡ್ಡಾದಿಡ್ಡಿ ಸಂದೇಶ ಕಳಿಸುತ್ತಲೇ ಇರುತ್ತವೆ. ಊರು ಬಿಟ್ಟವನ ಹಳೆಯ ವಿಳಾಸಕ್ಕೆ ಕಾಗದ ಬರುತ್ತಲೇ ಇದ್ದ ಹಾಗೆ. ಮಿದುಳು ಅದನ್ನು ಓದಿ 'ಪಾದ ಸುಡುತ್ತಿದೆ', 'ಬೆರಳು ತಿರುಚಿದೆ' ಎಂದು ಅರ್ಥ ಮಾಡಿಕೊಳ್ಳುತ್ತದೆ. ಅವಯವ ಕಳೆದುಕೊಂಡವರಲ್ಲಿ ಬಹುತೇಕ ಎಲ್ಲರಿಗೂ ಅದು ಇನ್ನೂ ಇದೆ ಎನಿಸುತ್ತದೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ನೋವೂ ಇರುತ್ತದೆ.

ಸೈನಿಕರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಇಯಾನ್ ಕಾರ್ಡೋಜೊ ಅವರ ಕಥೆ ನೀವು ಕೇಳಿರಬಹುದು. 1971ರ ಯುದ್ಧದಲ್ಲಿ ನೆಲಬಾಂಬು ಸಿಡಿದು ಜಜ್ಜಿಹೋದ ತಮ್ಮ ಕಾಲನ್ನು ಖುಕ್ರಿಯಿಂದ ತಾವೇ ಕತ್ತರಿಸಿಕೊಂಡು, ಕೃತಕ ಕಾಲಿನಲ್ಲೇ ಮುಂದೆ ಬೆಟಾಲಿಯನ್ನನ್ನು ಮುನ್ನಡೆಸಿದ ಗೋರ್ಖಾ ಪಡೆಯ ಅಧಿಕಾರಿ. ಹೆಮ್ಮೆಪಡಬೇಕಾದ ಮಾತೇ. ಆದರೆ ಇಂಥ ಕಥೆಗಳನ್ನು ಪದೇಪದೇ ಹೇಳುವ ನಾವು, ಗಾಯಾಳು ಯೋಧ ನೋವೆನ್ನಬಾರದು ಎಂಬ ನಿಯಮವನ್ನೂ ಜೊತೆಗೇ ಹೇರಿಬಿಡುತ್ತೇವೆ. 'ಇವತ್ತು ಹೇಗಿದೆ ನೋವು?' ಎಂದು ಊಟ ಆಯಿತೇ ಎಂದು ಕೇಳುವಷ್ಟೇ ಸಹಜವಾಗಿ ಕೇಳಿ. ಮುಚ್ಚಿಟ್ಟ ನೋವಿಗೆ ಹೆಚ್ಚಿನವರು ಹುಡುಕಿಕೊಳ್ಳುವ ಔಷಧ ಕ್ಯಾಂಟೀನಿನ ರಮ್ಮು. ಅದು ಒಂದೆರಡು ತಾಸು ಮಂಪರು ತರಿಸಿ, ಆಮೇಲೆ ನಿದ್ದೆಯನ್ನೇ ಕೆಡಿಸುತ್ತದೆ. ನರದ ನೋವಿಗೆ ಕೊಡುವ ಮಾತ್ರೆಗಳ ಜೊತೆ ಸೇರಿದರೆ ಅಪಾಯಕಾರಿ.

ಸಾಮಾನ್ಯ ನೋವಿನ ಮಾತ್ರೆಗಳು ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ನರಗಳ ಉದ್ರೇಕ ತಗ್ಗಿಸುವ ಬೇರೆ ಔಷಧಗಳಿವೆ. ಅವನ್ನು ವೈದ್ಯರೇ ಪ್ರಮಾಣ ನಿಗದಿ ಮಾಡಿ ಕೊಡಬೇಕು, ಅಂಗಡಿಯಿಂದ ಕೇಳಿ ತರುವಂಥವಲ್ಲ. ಔಷಧವಿಲ್ಲದ ಉಪಾಯವೂ ಒಂದಿದೆ, ಕನ್ನಡಿ. 1990ರ ದಶಕದಲ್ಲಿ ಡಾ. ವಿ. ಎಸ್. ರಾಮಚಂದ್ರನ್ ಇದನ್ನು ತೋರಿಸಿಕೊಟ್ಟರು. 2007ರಲ್ಲಿ ಅಮೆರಿಕದ ಸೇನಾ ಆಸ್ಪತ್ರೆಯೊಂದರ ವೈದ್ಯರು ಕಾಲು ಕಳೆದುಕೊಂಡವರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ 15 ನಿಮಿಷದಂತೆ ನಾಲ್ಕು ವಾರ ಕನ್ನಡಿ ನೋಡಿ ವ್ಯಾಯಾಮ ಮಾಡಿದ 6 ಮಂದಿಗೂ ನೋವು ತಗ್ಗಿತ್ತು. ಸಂಖ್ಯೆ ಚಿಕ್ಕದು, ಎಲ್ಲರಿಗೂ ಫಲಿಸುತ್ತದೆಂದು ಹೇಳಲಾಗದು. ಆದರೆ ಖರ್ಚಿಲ್ಲ.

ಮಾಡುವ ಬಗೆ ಹೀಗೆ. ಕಾಲು ಚಾಚಿ ಕುಳಿತು, ಎರಡು ಕಾಲುಗಳ ನಡುವೆ ಉದ್ದನೆಯ ಕನ್ನಡಿಯನ್ನು ಅಡ್ಡಲಾಗಿ ನಿಲ್ಲಿಸಿ. ಕನ್ನಡಿಯ ಮುಖ ಒಳ್ಳೆಯ ಕಾಲಿನ ಕಡೆಗಿರಲಿ, ಮೊಂಡುಗಾಲು ಹಿಂದೆ ಮರೆಯಾಗಲಿ. ಈಗ ಕನ್ನಡಿಯಲ್ಲಿ ಎರಡೂ ಕಾಲು ಇರುವಂತೆ ಕಾಣುತ್ತದೆ. ಒಳ್ಳೆಯ ಪಾದವನ್ನು ನಿಧಾನವಾಗಿ ಮಡಿಸಿ, ಬಿಚ್ಚಿ, ಬೆರಳು ಆಡಿಸುತ್ತ, ಇಲ್ಲದ ಪಾದವೂ ಹಾಗೇ ಮಾಡುತ್ತಿದೆ ಎಂದು ಭಾವಿಸಬೇಕು. ತಿರುಚಿಕೊಂಡಿದ್ದ ಬೆರಳು ಬಿಚ್ಚಿಕೊಂಡಂತೆ ಕೆಲವರಿಗೆ ಅನಿಸುತ್ತದೆ. ಮೊದಲ ಸಲ ಕೆಲವರಿಗೆ ಅಳು ಬರುವುದೂ ಉಂಟು. ತಲೆ ಸುತ್ತಿದರೆ, ನೋವು ಹೆಚ್ಚಿದರೆ ನಿಲ್ಲಿಸಿ. ಮೊದಲ ದಿನಗಳಲ್ಲಿ ಫಿಸಿಯೋಥೆರಪಿಸ್ಟರ ಎದುರಲ್ಲಿ ಮಾಡುವುದು ಮೇಲು.

ಮನೆಯವರು ಪ್ರೀತಿಯಿಂದ ಮಾಡುವ ಒಂದು ತಪ್ಪಿದೆ. ಮೊಂಡುಗಾಲಿನ ಕೆಳಗೆ ದಿಂಬು ಇಡುವುದು. ಹಿತವೆನಿಸಿದರೂ ದಿನವೆಲ್ಲ ಹಾಗಿದ್ದರೆ ಮೊಣಕಾಲು, ಸೊಂಟದ ಕೀಲು ಮಡಿಸಿದ ಸ್ಥಿತಿಯಲ್ಲೇ ಬಿಗಿದುಕೊಂಡು ಕೃತಕ ಕಾಲು ಹಾಕಲು ಕಷ್ಟವಾಗುತ್ತದೆ. ಅದರ ಬದಲು ದಿನಕ್ಕೆರಡು ಸಲ ಸ್ವಲ್ಪ ಹೊತ್ತು ಬೋರಲಾಗಿ ಮಲಗಲಿ. ರಾತ್ರಿ ಹಾಸಿಗೆಯ ಬಳಿ ಚಿಕ್ಕ ದೀಪವೂ ಊರುಗೋಲೂ ಇರಲಿ. ನಿದ್ದೆಗಣ್ಣಿನಲ್ಲಿ ಕಾಲಿದೆ ಎಂದೇ ಎದ್ದು ನಿಂತು ಬಿದ್ದವರು ಕಡಿಮೆಯಿಲ್ಲ. ಮಿದುಳಿನ ನಕ್ಷೆಯಲ್ಲಿ ಆ ಕಾಲು ಇನ್ನೂ ಇದೆಯಲ್ಲ!

ನೋವೆಲ್ಲವೂ ಮಾಯಾ ಕಾಲಿನದೇ ಆಗಿರಬೇಕಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಹೊಸದಾಗಿ ಶುರುವಾದರೆ ಮೊಂಡುಗಾಲನ್ನು ಬೆಳಕಿನಲ್ಲಿ ಪರೀಕ್ಷಿಸಿ. ಕೆಂಪಾಗಿದೆಯೇ, ಗುಳ್ಳೆ ಎದ್ದಿದೆಯೇ, ಒಂದೇ ಜಾಗದಲ್ಲಿ ಮುಟ್ಟಿದರೆ ಮಿಂಚು ಹೊಡೆದಂತಾಗುತ್ತದೆಯೇ? ಸಕ್ಕರೆ ಕಾಯಿಲೆ ಇದ್ದರಂತೂ ದಿನವೂ ನೋಡಬೇಕು. ದೇಹದ ತೂಕ ಏರಿಳಿದರೆ ಕೃತಕ ಕಾಲಿನ ಬಟ್ಟಲು ಸಡಿಲವಾಗಿಯೋ ಬಿಗಿಯಾಗಿಯೋ ಉಜ್ಜತೊಡಗುತ್ತದೆ. ಆಗ ಒಳಗೆ ಬಟ್ಟೆ ತುರುಕಿ ದಿನ ತಳ್ಳಬೇಡಿ. ಪುಣೆಯಲ್ಲಿ 1944ರಿಂದ ಇರುವ ಸೇನೆಯ ಕೃತಕ ಅವಯವ ಕೇಂದ್ರದಲ್ಲಿ ಇದೇ ಕೆಲಸ ನಡೆಯುತ್ತದೆ. ಅಲ್ಲಿಗೆ ಹೋಗುವ ದಾರಿಯನ್ನು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಹೋಗುವಾಗ ಸೇನೆಯ ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಕಾಗದಗಳು ಕೈಯಲ್ಲಿರಲಿ.